ಸೈಕಲ್ ಮೇಲೆ ಕೇಳೋದಕ್ಕೆ ಯಾವ ವೈರ್‌ಲೆಸ್ ಹೆಡ್‌ಫೋನ್ ತಗೊಳ್ಳಲಿ? ಹಿಂದೆ ಬರುವ ಗಾಡಿಯೂ ಕೇಳಿಸಬೇಕು

ಕುವೆಂಪುನಗರ ಸೈಕಲ್:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು. ಮನೆ ಕುವೆಂಪುನಗರ, ಕೆಲಸ ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾ. ಒಂದೂವರೆ ವರ್ಷದಿಂದ ಸೈಕಲ್‌ನಲ್ಲೇ ಹೋಗಿ ಬರುತ್ತಿದ್ದೇನೆ. ಒಂದು ಕಡೆಗೆ ಹತ್ತು ಕಿ.ಮೀ. ಆಸುಪಾಸು, ಅದರಲ್ಲಿ ಜಾಸ್ತಿ ರಿಂಗ್ ರೋಡ್. ಭಾನುವಾರ ಚಾಮುಂಡಿ ಬೆಟ್ಟ, ಇಲ್ಲಾಂದ್ರೆ ಶ್ರೀರಂಗಪಟ್ಟಣದ ಕಡೆ ಒಂದು ಸುತ್ತು.

ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ. ಪುಸ್ತಕ ಹಿಡಿದು ಕೂರೋದು ಈಗ ಆಗುವ ಮಾತಲ್ಲ. ಹಾಗಾಗಿ ಸೈಕಲ್ ಮೇಲಿನ ಆ ಒಂದೂಕಾಲು ಗಂಟೆಯೇ ನನಗೆ ಓದು. ಬೆಳಿಗ್ಗೆ ಆ್ಯಪ್‌ನಲ್ಲಿ ಆಕಾಶವಾಣಿ, ಸಂಜೆ ಮೈಲ್ಯಾಂಗ್‌ನಲ್ಲಿ ಯಾವುದಾದರೂ ಕನ್ನಡ ಆಡಿಯೋ ಪುಸ್ತಕ. ಹಾಡು ಕೇಳೋದು ಕಡಿಮೆ. ಇದನ್ನು ಬಿಡೋಕೆ ನನಗೆ ಮನಸ್ಸಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಇಷ್ಟು ದಿನ ಒಂದು ನೆಕ್‌ಬ್ಯಾಂಡ್ ಇತ್ತು. ಕಿವಿಯೊಳಗೆ ರಬ್ಬರ್ ತುದಿ ಹೋಗಿ ಕೂರುವಂಥದ್ದು. ಹೋದ ಮಂಗಳವಾರ ಸಂಜೆ ರಿಂಗ್ ರೋಡ್‌ನಿಂದ ಎಡಕ್ಕೆ ತಿರುಗುವ ಮುಂಚೆ ಒಂದು ಗುಂಡಿ ತಪ್ಪಿಸೋಣ ಅಂತ ಸ್ವಲ್ಪ ಬಲಕ್ಕೆ ಸರಿದೆ. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಎಲೆಕ್ಟ್ರಿಕ್ ಆಟೋ. ಅದರ ಮೈ ನನ್ನ ಹ್ಯಾಂಡಲ್ ತುದಿಗೆ ಸವರಿಕೊಂಡು ಹೋಯಿತು. ನಾನು ಬೀಳಲಿಲ್ಲ. ಆದರೆ ಬಲಗಡೆ ಗ್ರಿಪ್‌ನ ರಬ್ಬರ್ ಮೇಲೆ ಹೆಬ್ಬೆರಳಿನಷ್ಟು ಉದ್ದ ಹಸಿರು ಬಣ್ಣದ ಗೀರು ಬಿದ್ದಿದೆ. ಡ್ರೈವರ್ ಮುಂದೆ ನಿಲ್ಲಿಸಿ ಓಡಿ ಬಂದರು. ಪಾಪ, ಅವರೇ ನಡುಗುತ್ತಿದ್ದರು. "ಎರಡು ಸಲ ಹಾರ್ನ್ ಹೊಡೆದೆನಲ್ಲ ಸಾರ್" ಅಂದರು. ನನಗೆ ಒಂದೂ ಕೇಳಿಸಿರಲಿಲ್ಲ.

ಅವತ್ತಿನಿಂದ ನೆಕ್‌ಬ್ಯಾಂಡ್ ಮೇಜಿನ ಡ್ರಾನಲ್ಲಿದೆ. ಈಗ ಕೇಳಬೇಕಾದ್ದು ಇಷ್ಟು. ಕಿವಿ ಮುಚ್ಚದೆ, ಮಾತು ಸ್ಪಷ್ಟವಾಗಿ ಕೇಳುವ ಹೆಡ್‌ಫೋನ್ ಯಾವುದಿದೆ? ಬೋನ್ ಕಂಡಕ್ಷನ್ ಅಂತಾರಲ್ಲ, ಅದು ನಿಜವಾಗಲೂ ಕೆಲಸ ಮಾಡುತ್ತಾ? ಹೆಲ್ಮೆಟ್ ಮತ್ತು ಕನ್ನಡಕದ ಜೊತೆ ಸರಿ ಹೋಗುತ್ತಾ? ಎಂಟು ಸಾವಿರದವರೆಗೆ ಕೊಡಬಲ್ಲೆ, ಅದಕ್ಕಿಂತ ಜಾಸ್ತಿ ಕಷ್ಟ.

ಬ್ರೆವೆ ಬೆಂಗಳೂರು:

ಮೊದಲು, ನಿಮಗೇನೂ ಆಗಲಿಲ್ಲವಲ್ಲ, ಅದು ದೊಡ್ಡದು ಸರ್. ರಬ್ಬರ್ ತುದಿಯ ಇಯರ್‌ಫೋನನ್ನು ಡ್ರಾನಲ್ಲಿ ಇಟ್ಟಿದ್ದು ಸರಿಯಾಯಿತು. ಅದನ್ನು ಮಾಡೋದೇ ಹೊರಗಿನ ಸದ್ದು ತಡೆಯೋಕೆ. ಬಸ್ಸಿನಲ್ಲಿ ಕೂತಾಗ ಅದು ಒಳ್ಳೆಯದು, ಸೈಕಲ್ ಮೇಲೆ ಅದೇ ಅಪಾಯ.

ನಾನು ನಾಲ್ಕು ವರ್ಷದಿಂದ ಬೋನ್ ಕಂಡಕ್ಷನ್ ಬಳಸುತ್ತಿದ್ದೇನೆ. ಶಾಕ್ಸ್ ಕಂಪನಿಯ ಓಪನ್‌ರನ್. ಮೊದಲು ಆಫ್ಟರ್‌ಶಾಕ್ಸ್ ಅಂತ ಹೆಸರಿತ್ತಲ್ಲ, ಅದೇ ಕಂಪನಿ. ಬ್ರೆವೆ ಓಡಿಸುತ್ತೇನೆ, ಅಂದರೆ ಗೊತ್ತು ಮಾಡಿದ ಟೈಮ್ ಒಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, 200 ಮತ್ತು 300 ಕಿ.ಮೀ. 300ಕ್ಕೆ 20 ಗಂಟೆ ಟೈಮ್ ಇರುತ್ತೆ, ಅದರಲ್ಲಿ ರಾತ್ರಿಯ ಒಂದಷ್ಟು ಗಂಟೆ ಒಬ್ಬನೇ ಪೆಡಲ್ ತುಳಿಯಬೇಕು. ಆಗ ಕಿವಿಯಲ್ಲಿ ಒಂದು ಮನುಷ್ಯನ ದನಿ ಇದ್ದರೆ ಅದರ ಬೆಲೆಯೇ ಬೇರೆ.

ಇದು ಹೇಗೆ ಕೆಲಸ ಮಾಡುತ್ತೆ ಅಂದರೆ, ಕಿವಿಯ ಮುಂದೆ, ಕೆನ್ನೆಯ ಮೂಳೆ ಮೇಲೆ ಎರಡು ಚಿಕ್ಕ ಬಿಲ್ಲೆ ಕೂರುತ್ತವೆ. ಅವು ನಡುಗುತ್ತವೆ. ಆ ನಡುಕ ಮೂಳೆಯ ಮೂಲಕ ಸೀದಾ ಒಳಕಿವಿಗೆ ಹೋಗುತ್ತೆ. ಕಿವಿಯ ತೂತು ಪೂರ್ತಿ ಖಾಲಿ. ಮೊದಲ ಸಲ ಹಾಕಿದಾಗ ಕೆನ್ನೆ ಕಚಗುಳಿ ಇಟ್ಟ ಹಾಗಾಗುತ್ತೆ, ಎರಡು ದಿನಕ್ಕೆ ಅಭ್ಯಾಸ ಆಗುತ್ತೆ.

ಈಗ ಕುಂದುಕೊರತೆ. ಒಂದು, ಬೇಸ್ ಇಲ್ಲ ಅಂತಲೇ ಅಂದುಕೊಳ್ಳಿ. ಕರ್ನಾಟಕ ಸಂಗೀತ ಕೇಳಿದರೆ ಪಿಟೀಲು ಚೆನ್ನಾಗಿ ಕೇಳುತ್ತೆ, ಮೃದಂಗದ ಎಡಗೈ ನಾದ ಎಲ್ಲೋ ಕಳೆದುಹೋಗಿರುತ್ತೆ. ನೀವು ಕೇಳೋದು ಮಾತು, ಆದ್ದರಿಂದ ನಿಮಗೆ ಇದು ತೊಂದರೆಯೇ ಅಲ್ಲ. ಅದರಲ್ಲಿ ವೋಕಲ್ ಮೋಡ್ ಅಂತ ಒಂದಿದೆ, ಮಾತು ಇನ್ನೂ ಎದ್ದು ಕೇಳುತ್ತೆ. ಎರಡು, ಗಾಳಿ. ಇದು ನಿಜವಾದ ಸಮಸ್ಯೆ. ಗಂಟೆಗೆ 18, 20 ಕಿ.ಮೀ. ವೇಗದಲ್ಲಿ ಆರಾಮಾಗಿ ಕೇಳುತ್ತೆ. 30 ದಾಟಿದರೆ ಗಾಳಿಯ ಭೋರ್ ಅನ್ನುವ ಸದ್ದೇ ಗೆಲ್ಲುತ್ತೆ. ನಂದಿ ಬೆಟ್ಟ ಇಳಿಯುವಾಗ ನಾನು ಆಡಿಯೋ ನಿಲ್ಲಿಸಿಬಿಡುತ್ತೇನೆ. ಹೇಗೂ ಕೇಳಿಸಲ್ಲ, ಮತ್ತೆ ಆ ತಿರುವುಗಳಲ್ಲಿ ತಲೆಯೊಳಗೆ ಇನ್ನೊಬ್ಬರ ಮಾತು ಬೇಡವೂ ಬೇಡ. ಗಾಳಿಗೆ ಒಂದು ಸಣ್ಣ ಉಪಾಯ ಇದೆ. ಹೆಲ್ಮೆಟ್ ಪಟ್ಟಿ ಕಿವಿಯ ಮುಂದೆ ಇಳಿಯುತ್ತಲ್ಲ, ಅಲ್ಲಿ ಒಂದು ಬೆರಳುದ್ದ ಉಣ್ಣೆ ಬಟ್ಟೆ ಸುತ್ತಿ ಹೊಲಿದುಕೊಳ್ಳಿ. ಪಟ್ಟಿಗೆ ಬಡಿದು ಬರುವ ಸಿಳ್ಳೆ ಅರ್ಧ ಕಡಿಮೆ ಆಗುತ್ತೆ.

ಹೆಲ್ಮೆಟ್, ಕನ್ನಡಕ ಎರಡೂ ಸರಿ ಹೋಗುತ್ತೆ, ಆದರೆ ಹಾಕುವ ಕ್ರಮ ಮುಖ್ಯ. ಮೊದಲು ಹೆಡ್‌ಫೋನ್, ಆಮೇಲೆ ಕನ್ನಡಕ, ಕೊನೆಗೆ ಹೆಲ್ಮೆಟ್. ಕನ್ನಡಕದ ಕಡ್ಡಿ ದಪ್ಪ ಇದ್ದರೆ ಕಿವಿಯ ಮೇಲ್ಗಡೆ ಜಾಗಕ್ಕೆ ಜಗಳ ಆಗಬಹುದು. ಹಿಂದೆ ಕತ್ತಿನ ಸುತ್ತ ಬರುವ ತಂತಿ ಪಟ್ಟಿ ಇದೆಯಲ್ಲ, ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಸೈಕಲ್‌ನಲ್ಲಿ ಬಗ್ಗಿ ತಲೆ ಎತ್ತಿದಾಗ ಅದು ಕಾಲರ್‌ಗೆ ತಾಗಿ ಬಿಲ್ಲೆಗಳು ಜಾರುತ್ತವೆ. ನೆಟ್ಟಗೆ ಕೂರುವ ಹೈಬ್ರಿಡ್ ಆದರೆ ಅಂಥದ್ದೇನೂ ಇಲ್ಲ. ಆದ್ದರಿಂದ ಯಾರ ಹತ್ತಿರವಾದರೂ ಇದ್ದರೆ ಒಮ್ಮೆ ಹಾಕಿ ನೋಡಿಯೇ ತಗೊಳ್ಳಿ. ಒಬ್ಬೊಬ್ಬರ ತಲೆ ಒಂದೊಂದು ಅಳತೆ.

ಇನ್ನೊಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಒಳಗೆ "ಬೋನ್ ಕಂಡಕ್ಷನ್" ಅಂತ ಬರೆದುಕೊಂಡು ಬರುತ್ತವಲ್ಲ, ಅದರಲ್ಲಿ ಎಷ್ಟೋ ನಿಜವಾದದ್ದಲ್ಲ. ಕಿವಿ ಹತ್ತಿರ ಸಣ್ಣ ಸ್ಪೀಕರ್ ಇಟ್ಟಿರುತ್ತಾರೆ ಅಷ್ಟೇ. ಪರೀಕ್ಷೆ ಸುಲಭ. ಹಾಕಿಕೊಂಡು ಎರಡೂ ಕಿವಿಗೆ ಬೆರಳು ಇಟ್ಟು ಮುಚ್ಚಿ. ನಿಜವಾದ ಬೋನ್ ಕಂಡಕ್ಷನ್ ಆದರೆ ಸೌಂಡ್ ಇನ್ನೂ ಜೋರಾಗುತ್ತೆ. ಸುಳ್ಳು ಆದರೆ ಹೆಚ್ಚುಕಡಿಮೆ ಸದ್ದೇ ಅಡಗುತ್ತೆ.

ಹುಬ್ಬಳ್ಳಿ ಪೆಡಲ್:

ಎಂಟು ಸಾವಿರ ಯಾಕ್ರಿ ಖರ್ಚು ಮಾಡ್ತೀರಿ? ಮನೆಯಲ್ಲಿ ಇರುವ ಇಯರ್‌ಬಡ್‌ನಲ್ಲಿ ಒಂದನ್ನು ಮಾತ್ರ ಹಾಕಿಕೊಳ್ಳಿ. ಎಡ ಕಿವಿಗೆ ಬಡ್, ಬಲ ಕಿವಿ ಖಾಲಿ. ನಮ್ಮಲ್ಲಿ ಗಾಡಿಗಳು ಬಲಗಡೆಯಿಂದ ತಾನೇ ದಾಟಿ ಹೋಗೋದು. ನಾನು ಎರಡು ವರ್ಷದಿಂದ ಹೀಗೇ ಓಡಿಸುತ್ತಿದ್ದೇನೆ. ಮೊಬೈಲ್ ಸೆಟ್ಟಿಂಗ್ಸ್‌ನಲ್ಲಿ ಮೋನೋ ಆಡಿಯೋ ಆನ್ ಮಾಡಿದರೆ ಎರಡೂ ಕಡೆಯ ಸೌಂಡ್ ಒಂದೇ ಕಿವಿಗೆ ಬರುತ್ತೆ.

ಶ್ರವಣ ಗಂಗೋತ್ರಿ:

ನಾನು ಆಡಿಯಾಲಜಿಸ್ಟ್. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು, ಈಗ ಬೇರೆ ಊರಿನಲ್ಲಿದ್ದೇನೆ. ಪ್ರಶ್ನೆ ಮೈಸೂರಿನಿಂದ ಬಂದಿದ್ದು ನೋಡಿ ಬರೆಯಬೇಕು ಅನ್ನಿಸಿತು.

ಹುಬ್ಬಳ್ಳಿಯವರು ಹೇಳಿದ್ದು ಎರಡೂ ಕಿವಿ ಮುಚ್ಚೋದಕ್ಕಿಂತ ಖಂಡಿತ ವಾಸಿ. ಬಲ ಕಿವಿ ಖಾಲಿ ಬಿಡಿ ಅಂದಿದ್ದೂ ಸರಿ. ಆದರೆ ಅದರಲ್ಲಿ ಒಂದು ಕೊರತೆ ಇದೆ, ಅದು ಕೇಳುವವರಿಗೆ ಗೊತ್ತಾಗುವುದೇ ಇಲ್ಲ. ಸದ್ದು ಎಲ್ಲಿಂದ ಬಂತು ಅಂತ ನಮಗೆ ತಿಳಿಯೋದು ಎರಡು ಕಿವಿ ಇರುವುದರಿಂದ. ಬಲಗಡೆ ಹಾರ್ನ್ ಆದರೆ ಅದು ಬಲ ಕಿವಿಗೆ ಮೊದಲು ಮುಟ್ಟುತ್ತೆ, ಎಡ ಕಿವಿಗೆ ಒಂದು ಚೂರು ತಡ. ಆ ತಡ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟರಲ್ಲೇ ಮೆದುಳು ದಿಕ್ಕು ಹಿಡಿದುಬಿಡುತ್ತೆ. ಒಂದು ಕಿವಿ ಮುಚ್ಚಿದರೆ ಸದ್ದು ಕೇಳುತ್ತೆ, ದಿಕ್ಕು ಮಾತ್ರ ತಪ್ಪುತ್ತೆ. ಇನ್ನು ಮುಂದಿನದೋ ಹಿಂದಿನದೋ ಅಂತ ಹೇಳೋದರಲ್ಲಿ ಹೊರಕಿವಿಯ ಆ ಸುರುಳಿ ಮಡಿಕೆಗಳ ಪಾತ್ರ ದೊಡ್ಡದು. ಬಡ್ ತುರುಕಿದರೆ ಆ ಮಡಿಕೆಗಳ ಉಪಯೋಗವೂ ಹೋಯಿತು. ನೀವೇ ನೋಡಬಹುದು. ಮನೆಯಲ್ಲಿ ಕಣ್ಣು ಮುಚ್ಚಿ, ಒಂದು ಕಿವಿಗೆ ಬೆರಳಿಟ್ಟು, ಯಾರನ್ನಾದರೂ ಸುತ್ತ ಓಡಾಡುತ್ತಾ ಚಪ್ಪಾಳೆ ಹೊಡೆಯೋಕೆ ಹೇಳಿ. ಎಲ್ಲಿದ್ದಾರೆ ಅಂತ ಕೈ ತೋರಿಸಿ. ಎಷ್ಟು ತಪ್ಪುತ್ತೀರಿ ಅಂತ ಗೊತ್ತಾಗುತ್ತೆ.

ಸೈಕಲ್‌ನಲ್ಲಿ ಹೆಚ್ಚಿನವರಿಗೆ ಕನ್ನಡಿ ಇರಲ್ಲ. ಹಿಂದಿನದನ್ನು ನೋಡೋದು ಕಿವಿಯಿಂದಲೇ. ಹಾಗಾಗಿ ಎರಡೂ ಕಿವಿ ತೆರೆದಿರುವ ಯಾವುದೇ ಸಾಧನ ಒಂದು ಕಿವಿಯ ಬಡ್‌ಗಿಂತ ಮೇಲು.

ಬೋನ್ ಕಂಡಕ್ಷನ್ ಹೊಸದೇನಲ್ಲ. ಇಎನ್‌ಟಿ ಡಾಕ್ಟರ್ ಹತ್ತಿರ ಹೋದಾಗ ಟ್ಯೂನಿಂಗ್ ಫೋರ್ಕ್ ಹೊಡೆದು ಕಿವಿ ಹಿಂದಿನ ಮೂಳೆಗೆ ಇಡುತ್ತಾರಲ್ಲ, ಅದೇ ವಿದ್ಯೆ. ಕಿವಿ ಸೋರುವವರಿಗೂ ಇದು ಒಳ್ಳೆಯದು, ಅಂಥವರು ಕಿವಿಯೊಳಗೆ ಬಡ್ ಹಾಕಲೇಬಾರದು. ಆದರೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. "ಕಿವಿ ತಮಟೆಗೆ ತಾಗಲ್ಲ, ಆದ್ದರಿಂದ ಎಷ್ಟು ಜೋರಾಗಿ ಇಟ್ಟರೂ ಕಿವಿ ಹಾಳಾಗಲ್ಲ" ಅಂತ. ಇದು ಸುಳ್ಳು. ಜೋರು ಸದ್ದಿಗೆ ಸಾಯೋದು ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗಿರುವ ಸುರುಳಿಯೊಳಗಿನ ಕೂದಲು ಕೋಶಗಳು. ಸದ್ದು ಗಾಳಿಯಿಂದ ಬಂದರೂ ಮೂಳೆಯಿಂದ ಬಂದರೂ ಕೊನೆಗೆ ಮುಟ್ಟೋದು ಅಲ್ಲಿಗೇ. ಸತ್ತ ಕೋಶ ಮತ್ತೆ ಹುಟ್ಟಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಗಾಳಿಯನ್ನು ಮೀರಿಸೋಕೆ ಅಂತ ಸೌಂಡ್ ಏರಿಸುತ್ತಾ ಹೋದರೆ ಈ ಮಿತಿ ಬೇಗ ದಾಟುತ್ತೆ.

ರಸ್ತೆ ಮೇಲೆ ಡೆಸಿಬೆಲ್ ಅಳೆಯೋಕೆ ಆಗಲ್ಲ, ಅದಕ್ಕೆ ನಾನು ಎಲ್ಲರಿಗೂ ಹೇಳೋದು ಒಂದೇ. ಪೆಡಲ್ ನಿಲ್ಲಿಸಿ ಸೈಕಲ್ ಹಾಗೇ ಉರುಳೋಕೆ ಬಿಡಿ. ಹಿಂದಿನ ಚಕ್ರದ ಫ್ರೀವೀಲ್ ಟಿಕ್ ಟಿಕ್ ಅನ್ನುತ್ತಲ್ಲ, ಅದು ನಿಮಗೆ ಕೇಳಬೇಕು. ಕೇಳಲಿಲ್ಲ ಅಂದರೆ ಸೌಂಡ್ ಜಾಸ್ತಿ ಆಯಿತು, ಒಂದೆರಡು ಹೆಜ್ಜೆ ಇಳಿಸಿ.

ಹುಬ್ಬಳ್ಳಿ ಪೆಡಲ್:

ಮೇಡಂ, ಚಪ್ಪಾಳೆ ಪರೀಕ್ಷೆ ಈಗಷ್ಟೇ ತಮ್ಮನ ಹತ್ತಿರ ಮಾಡಿಸಿದೆ. ಹತ್ತು ಸಲಕ್ಕೆ ಆರು ಸಲ ತಪ್ಪು ತೋರಿಸಿದೆ. ಹಿಂದೆ ನಿಂತಿದ್ದವನನ್ನು ಮುಂದೆ ಅಂದೆ. ಇದು ಗೊತ್ತೇ ಇರಲಿಲ್ಲ ನೋಡ್ರಿ. ಥ್ಯಾಂಕ್ಸ್.

ಕುವೆಂಪುನಗರ ಸೈಕಲ್:

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಫ್ರೀವೀಲ್ ಲೆಕ್ಕ ಮನಸ್ಸಿಗೆ ನಾಟಿತು.

ಇನ್ನೆರಡು ಪ್ರಶ್ನೆ. ಟ್ರಾನ್ಸ್‌ಪರೆನ್ಸಿ ಮೋಡ್ ಇರುವ ಇಯರ್‌ಬಡ್‌ಗಳು ಬಂದಿವೆಯಲ್ಲ, ಹೊರಗಿನ ಸದ್ದನ್ನು ಮೈಕ್‌ನಿಂದ ಹಿಡಿದು ಕಿವಿಗೆ ಬಿಡುವಂಥವು, ಅವು ಸಾಕಾಗಲ್ವಾ? ಆಫೀಸಿನಲ್ಲಿ ಒಬ್ಬರು ಅದನ್ನೇ ತಗೋ ಅಂತಿದ್ದಾರೆ. ಎರಡನೆಯದು ಮಳೆ. ಜೂನ್, ಜುಲೈನಲ್ಲಿ ನಾನು ರೇನ್‌ಕೋಟ್ ಹಾಕಿಕೊಂಡೇ ಹೋಗುತ್ತೇನೆ.

ಫ್ರೈಬುರ್ಗ್ ಕನ್ನಡಿಗ:

ನಮಸ್ಕಾರ, ನಾನು ಶಿವಮೊಗ್ಗದವನು, ಕೆಲಸಕ್ಕೆ ಅಂತ ಬಂದು ಜರ್ಮನಿಯ ಫ್ರೈಬುರ್ಗ್‌ನಲ್ಲಿ ಇದ್ದೇನೆ. ಇಲ್ಲಿ ಸೈಕಲ್ ಅಂದರೆ ದಿನದ ಬಟ್ಟೆ ಇದ್ದ ಹಾಗೆ, ಎಲ್ಲರೂ ಓಡಿಸುತ್ತಾರೆ.

ಟ್ರಾನ್ಸ್‌ಪರೆನ್ಸಿ ಬಗ್ಗೆ ಹೇಳುತ್ತೇನೆ, ಒಂದು ವರ್ಷ ಅದನ್ನೇ ಬಳಸಿದ್ದೆ. ನಡೆಯುವಾಗ ಬಹಳ ಚೆನ್ನಾಗಿದೆ. ಸೈಕಲ್ ಹತ್ತಿದ ತಕ್ಷಣ ಅದರ ಮೈಕ್‌ಗೆ ಗಾಳಿ ಬಡಿಯುತ್ತೆ, ಆ ಗಾಳಿಯನ್ನೇ ಅದು ದೊಡ್ಡದು ಮಾಡಿ ಕಿವಿಗೆ ಬಿಡುತ್ತೆ. ಗಾಳಿ ಕಡಿಮೆ ಮಾಡುವ ಸೆಟ್ಟಿಂಗ್ ಹಾಕಿದರೆ ಗಾಳಿಯ ಜೊತೆ ಹಿಂದಿನ ಗಾಡಿಯ ಟೈರ್ ಸದ್ದೂ ಮಂಕಾಗುತ್ತೆ. ಇನ್ನೊಂದು, ಬ್ಯಾಟರಿ ಮುಗಿದರೆ ಅದು ಬರೀ ಕಿವಿಗೆ ಇಟ್ಟ ಬಿರಡೆ. ಬೋನ್ ಕಂಡಕ್ಷನ್‌ನಲ್ಲಿ ಬ್ಯಾಟರಿ ಮುಗಿದರೆ ಕತೆ ನಿಲ್ಲುತ್ತೆ, ರಸ್ತೆ ಕೇಳುತ್ತಲೇ ಇರುತ್ತೆ.

ಮಧ್ಯದಲ್ಲಿ ಇನ್ನೊಂದು ಜಾತಿ ಇದೆ. ಮೂಳೆಯಲ್ಲ, ಗಾಳಿಯಲ್ಲೇ ಸದ್ದು ಬಿಡುವ ಚಿಕ್ಕ ಸ್ಪೀಕರ್, ಕಿವಿಯ ತೂತಿನ ಮೇಲೆ ತೂಗಿಕೊಂಡಂತೆ ಇರುತ್ತೆ. ಶಾಕ್ಸ್ ಓಪನ್‌ಫಿಟ್ ಆ ಥರದ್ದು. ಸೋನಿಯವರ ಮೊದಲ ಲಿಂಕ್‌ಬಡ್ಸ್‌ನಲ್ಲಿ ನಡುವೆ ತೂತೇ ಇತ್ತು, ಉದ್ದಿನವಡೆ ಹಾಗೆ. ಇವುಗಳಲ್ಲಿ ಹಾಡು ಬೋನ್ ಕಂಡಕ್ಷನ್‌ಗಿಂತ ಎಷ್ಟೋ ಚೆನ್ನಾಗಿ ಕೇಳುತ್ತೆ. ಕತ್ತಿನ ಹಿಂದಿನ ಪಟ್ಟಿ ಇರಲ್ಲ. ಆದರೆ ಎರಡೂ ಬೇರೆ ಬೇರೆ ಇರುವುದರಿಂದ, ಹೆಲ್ಮೆಟ್ ತೆಗೆಯುವಾಗ ಪಟ್ಟಿಗೆ ಸಿಕ್ಕಿ ಒಂದು ಹಾರಿ ಹೋಗುವ ಭಯ ನನಗೆ ಯಾವಾಗಲೂ ಇತ್ತು. ದಿನಾ ಆಫೀಸಿಗೆ ಹೋಗಿ ಬರೋಕೆ ಒಂದೇ ತುಂಡಾಗಿರುವುದೇ ಮೇಲು ಅನ್ನೋದು ನನ್ನ ಅಭಿಪ್ರಾಯ.

ಕಾನೂನಿನ ಒಂದು ಸಂಗತಿ ಹೇಳಿಬಿಡುತ್ತೇನೆ, ಹೊರದೇಶದಲ್ಲಿ ಸೈಕಲ್ ಹೊಡೆಯುವವರಿಗೆ ಉಪಯೋಗ ಆಗಬಹುದು. ಜರ್ಮನಿಯಲ್ಲಿ ಹೆಡ್‌ಫೋನ್ ಹಾಕಬಹುದು, ಆದರೆ ಅದರಿಂದ ಹೊರಗಿನ ಸದ್ದು ಕೇಳದ ಹಾಗೆ ಆಗಬಾರದು, ಆ ಜವಾಬ್ದಾರಿ ಸವಾರನದು. ನಮ್ಮೂರಿಂದ ಬ್ರೈಸಾಖ್ ತನಕ ಹೋಗಿ ರೈನ್ ನದಿಯ ಸೇತುವೆ ದಾಟಿದರೆ ಫ್ರಾನ್ಸ್. ಅಲ್ಲಿ 2015ರ ಜುಲೈನಿಂದ ಗಾಡಿ ಓಡಿಸುವವರು ಕಿವಿಗೆ ಸದ್ದು ಮಾಡುವ ಏನನ್ನೂ ಹಾಕುವಂತಿಲ್ಲ, ಸೈಕಲ್‌ಗೂ ಅದೇ ನಿಯಮ, ಶ್ರವಣ ಸಾಧನ ಬಿಟ್ಟು. ದಂಡ 135 ಯೂರೋ. ಬೋನ್ ಕಂಡಕ್ಷನ್ ಕಿವಿಯೊಳಗೆ ಹೋಗಲ್ಲ ಅಂತ ವಾದ ಮಾಡುವವರಿದ್ದಾರೆ. ನಾನು ವಾದಕ್ಕೆ ಹೋಗಲ್ಲ, ಸೇತುವೆ ಮಧ್ಯೆ ನಿಲ್ಲಿಸಿ ತೆಗೆದು ಜೇಬಿಗೆ ಹಾಕುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎರಡೂ ಕಿವಿಗೆ ಹಾಕಿಕೊಂಡು ಸೈಕಲ್ ಹೊಡೆಯುವಂತಿಲ್ಲ.

ಕುಂದಾಪುರ ಮಳೆಗಾಲ:

ಮಳೆ ವಿಷಯ ಬಂತಲ್ಲ, ನಾನು ಹೇಳಬೇಕು ಮಾರಾಯ್ರೆ. ನಮ್ಮಲ್ಲಿ ನಾಲ್ಕು ತಿಂಗಳು ನೀರಲ್ಲೇ ಓಡಾಟ.

ಡಬ್ಬಿ ಮೇಲೆ ಐಪಿ ಅಂತ ಒಂದು ನಂಬರ್ ಇರುತ್ತದೆ, ಅದನ್ನು ಓದಿ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಅಂಕಿ ಬದಲು ಎಕ್ಸ್ ಇದ್ದರೆ ಆ ಪರೀಕ್ಷೆಯ ಲೆಕ್ಕ ಕೊಟ್ಟಿಲ್ಲ ಅಂತ. ನೀರಿನ ಅಂಕಿ 4 ಇದ್ದರೆ ಸುತ್ತಲಿಂದ ಎರಚಿದ ನೀರು ತಡೆಯುತ್ತದೆ. 5 ಇದ್ದರೆ ಪೈಪಿನಿಂದ ಬಿಟ್ಟ ನೀರು. 7 ಇದ್ದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. ಓಪನ್‌ರನ್ ಐಪಿ67. ಅದೇ ಶಾಕ್ಸ್ ಕಂಪನಿಯ ಓಪನ್‌ಮೂವ್ ಐಪಿ55. ಮೈಸೂರಿನ ಮಳೆಗೆ 55 ಧಾರಾಳ ಸಾಕು.

ಆದರೆ ಹೆಡ್‌ಫೋನ್ ಕೊಲ್ಲುವುದು ಮಳೆಯಲ್ಲ, ಬೆವರು. ನನ್ನ ಮೊದಲನೆಯದು ಹೋಗಿದ್ದೇ ಹಾಗೆ, ಮಳೆಗಾಲ ಪೂರ್ತಿ ತಡೆದು ಏಪ್ರಿಲ್‌ನಲ್ಲಿ ಸತ್ತಿತು. ಬೆವರಿನಲ್ಲಿ ಉಪ್ಪು ಇರುತ್ತದೆ. ಚಾರ್ಜಿಂಗ್ ಮಾಡುವ ಜಾಗದಲ್ಲಿ ಅದು ಒಣಗಿ ಕೂರುತ್ತದೆ, ಅದರ ಮೇಲೆ ಒದ್ದೆ ಇರುವಾಗಲೇ ಕರೆಂಟ್ ಕೊಟ್ಟರೆ ಲೋಹ ತಿಂದು ಹಸಿರಾಗುತ್ತದೆ. ಬಿಚ್ಚಿ ನೋಡಿದಾಗ ಪಿನ್ನಿನ ಬುಡದಲ್ಲಿ ಹಳೇ ತಾಮ್ರದ ಚೊಂಬಿನ ಕಿಲುಬು ಇರುತ್ತದಲ್ಲ, ಥೇಟ್ ಅದೇ ಬಣ್ಣ. ಈಗ ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಇಡುತ್ತೇನೆ. ಒಣಗುವ ತನಕ ಚಾರ್ಜಿಗೆ ಹಾಕುವುದೇ ಇಲ್ಲ. ಎರಡನೆಯದು ಮೂರನೇ ವರ್ಷ ನಡೆಯುತ್ತಿದೆ.

ರೇನ್‌ಕೋಟ್ ಹಾಕುವವರು ಒಂದು ನೋಡಿಕೊಳ್ಳಿ. ಟೋಪಿ ಭಾಗ ಹೆಲ್ಮೆಟ್ ಮೇಲೆ ಎಳೆದುಕೊಂಡರೆ ಕಿವಿ ಮುಚ್ಚಿಹೋಗುತ್ತದೆ. ಪ್ಲಾಸ್ಟಿಕ್ ಮೇಲೆ ಮಳೆ ಪಟಪಟ ಬೀಳುವ ಸದ್ದಿಗೆ ಬಸ್ಸು ಬಂದದ್ದೂ ತಿಳಿಯುವುದಿಲ್ಲ. ಆಗ ಹೆಡ್‌ಫೋನ್ ಯಾವುದಾದರೂ ಒಂದೇ. ಟೋಪಿ ಹಿಂದಕ್ಕೆ ಬಿಟ್ಟು, ಹೆಲ್ಮೆಟ್ ಮೇಲೆ ಒಂದು ಕವರ್ ಹಾಕಿ.

ಕೇಳುವುದು ಏನು ಅಂತ ಯಾರೂ ಹೇಳಲಿಲ್ಲ. ನನಗೆ ತಾಳಮದ್ದಳೆ. ಸೈಕಲ್‌ಗೆ ಅದರಷ್ಟು ಹೊಂದುವುದು ಬೇರೆ ಇಲ್ಲ. ಅರ್ಥ ಹೇಳುವವರ ಮಾತು ಗಾಳಿಯಲ್ಲೂ ಬಿಡಿಬಿಡಿಯಾಗಿ ಕೇಳುತ್ತದೆ. ಭಾಗವತರ ಪದ ಬಂದಾಗ ಚೆಂಡೆ ಸ್ವಲ್ಪ ತಗಡಿನ ಹಾಗೆ ಕೇಳುತ್ತದೆ ನಿಜ. ಆದರೆ ಎರಡು ಪಾತ್ರಗಳು ವಾದಕ್ಕೆ ಬಿದ್ದಾಗ ಮರವಂತೆಯಿಂದ ಬೈಂದೂರು ಬಂದದ್ದೇ ಗೊತ್ತಾಗುವುದಿಲ್ಲ.

ಬೆಳಗಿನ ಸವಾರಿ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಸೈಕಲ್ ಓಡಿಸುತ್ತಿರುವ ಹೆಂಗಸು ನಾನು. ನನ್ನ ಹತ್ತಿರವೂ ಬೋನ್ ಕಂಡಕ್ಷನ್ ಇದೆ. ಅದು ಕಿವಿ ತೆರೆದಿಡುತ್ತೆ, ಒಪ್ಪುತ್ತೇನೆ. ಗಮನವನ್ನು ತೆರೆದಿಡಲ್ಲ. ಕತೆ ಬಿಗಿಯಾದ ಜಾಗಕ್ಕೆ ಬಂದಾಗ ಹಾರ್ನ್ ಕಿವಿಗೆ ಬಿದ್ದರೂ ತಲೆಗೆ ಹೋಗೋಕೆ ಒಂದು ಕ್ಷಣ ತಡ ಆಗುತ್ತೆ. ಇದು ನನಗೇ ಆಗಿದೆ, ಹೆಬ್ಬಾಳ ಫ್ಲೈಓವರ್ ಹತ್ತಿರ.

ಅದಕ್ಕೆ ನನ್ನದೊಂದು ಕಟ್ಟುಪಾಡು ಇದೆ. ಜಂಕ್ಷನ್, ಸರ್ಕಲ್, ರಸ್ತೆ ಬದಲಾಯಿಸುವ ಜಾಗ, ಬಸ್ ಸ್ಟಾಪ್ ಮುಂದೆ, ಇಷ್ಟು ಕಡೆ ಆಡಿಯೋ ನಿಲ್ಲಿಸುತ್ತೇನೆ. ಬೆಳಿಗ್ಗೆ ಐದಕ್ಕೆ ಹೊರಟಾಗ ನಾಯಿಗಳಿರುವ ಬೀದಿಯಲ್ಲೂ ನಿಲ್ಲಿಸುತ್ತೇನೆ. ನಾಯಿ ಓಡಿ ಬರುವಾಗ ಬೊಗಳುವುದಕ್ಕಿಂತ ಮೊದಲು ಟಾರ್ ಮೇಲೆ ಉಗುರಿನ ಸದ್ದು ಕೇಳುತ್ತೆ, ಕರ ಕರ ಅಂತ. ಅದನ್ನು ಕೇಳಿದರೆ ಎರಡು ಸೆಕೆಂಡ್ ಸಿಗುತ್ತೆ. ಆ ಎರಡು ಸೆಕೆಂಡ್ ನನಗೆ ಎಷ್ಟೋ ಸಲ ಉಪಯೋಗಕ್ಕೆ ಬಂದಿದೆ.

ಹಾಗಾಗಿ ಯಾವುದು ತಗೊಂಡರೂ ಆಡಿಯೋ ನಿಲ್ಲಿಸುವ ಬಟನ್ ಹೇಗಿದೆ ನೋಡಿ. ಒತ್ತಿದರೆ ಟಕ್ ಅನ್ನುವ ನಿಜವಾದ ಬಟನ್ ಇರಬೇಕು. ಮುಟ್ಟಿದರೆ ಕೆಲಸ ಮಾಡುವ ಟಚ್ ಥರದ್ದು ಗ್ಲೌಸ್ ಹಾಕಿದಾಗ, ಬೆವರು ಕೈಯಲ್ಲಿ, ಮಳೆಯಲ್ಲಿ ಕೈ ಕೊಡುತ್ತೆ. ಒಂದು ಸಲ ಒತ್ತಿದರೆ ನಿಲ್ಲಬೇಕು, ಕಣ್ಣು ರಸ್ತೆ ಬಿಡಬಾರದು. ನನ್ನ ಲೆಕ್ಕದಲ್ಲಿ ಬೇಸ್, ಬ್ಯಾಟರಿ ಎಲ್ಲಕ್ಕಿಂತ ಇದು ಮೊದಲು.

ಮತ್ತೆ ಆಟೋ ಸವರಿದ್ದರ ಬಗ್ಗೆ. ಹ್ಯಾಂಡಲ್ ತುದಿಗೆ ಒಂದು ಚಿಕ್ಕ ಕನ್ನಡಿ ಹಾಕಿಸಿ ಸರ್. ಹೆಡ್‌ಫೋನ್ ದುಡ್ಡಿನಲ್ಲಿ ಹತ್ತನೇ ಒಂದು ಭಾಗಕ್ಕೂ ಬರುತ್ತೆ. ಗುಂಡಿ ತಪ್ಪಿಸೋಕೆ ಬಲಕ್ಕೆ ಸರಿಯುವ ಮುಂಚೆ ಒಂದು ಸಲ ಕಣ್ಣು ಹಾಯಿಸಿದರೆ ಸಾಕು. ಎಲೆಕ್ಟ್ರಿಕ್ ಗಾಡಿಗಳು ಖಾಲಿ ಕಿವಿಗೂ ಸರಿಯಾಗಿ ಕೇಳಲ್ಲ ಈಗ.

ಬ್ರೆವೆ ಬೆಂಗಳೂರು:

ಮೇಡಂ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಾನು ಬ್ರೆವೆಯಲ್ಲೂ ಊರು ಬಂದರೆ ನಿಲ್ಲಿಸುತ್ತೇನೆ, ಅದನ್ನು ಮೊದಲೇ ಬರೆಯಬೇಕಿತ್ತು.

ಕುವೆಂಪುನಗರ ಸರ್, ನಿಮ್ಮ ದುಡ್ಡಿಗೆ ಓಪನ್‌ಮೂವ್ ನೋಡಿ. ಶಾಕ್ಸ್‌ನಲ್ಲಿ ಅದೇ ಕಡಿಮೆ ಬೆಲೆಯದ್ದು. ಬ್ಯಾಟರಿ ಆರು ಗಂಟೆ, ನಿಮ್ಮ ಓಡಾಟಕ್ಕೆ ನಾಲ್ಕು ದಿನ ಬರುತ್ತೆ. ತೂಕ 29 ಗ್ರಾಂ, ಓಪನ್‌ರನ್ 26. ಚಾರ್ಜಿಂಗ್ ಟೈಪ್ ಸಿ, ಮೊಬೈಲ್ ವೈರೇ ಸಾಕು. ನನ್ನ ಓಪನ್‌ರನ್‌ಗೆ ಅಯಸ್ಕಾಂತದ ಬೇರೆ ವೈರ್, ಅದನ್ನು ಮನೆಯಲ್ಲಿ ಮರೆತರೆ ದಾರಿಯಲ್ಲಿ ಯಾರ ಹತ್ತಿರವೂ ಸಿಗಲ್ಲ. ಬಟನ್ ಎಲ್ಲ ನಿಜವಾದ ಬಟನ್. ಬೆಲೆ ಏರಿ ಇಳಿಯುತ್ತಿರುತ್ತೆ, ಎರಡು ಮೂರು ಕಡೆ ನೋಡಿ, ಬಿಲ್ ತಗೊಂಡೇ ತಗೊಳ್ಳಿ.

ಕುವೆಂಪುನಗರ ಸೈಕಲ್:

ಮೂರು ವಾರ ಆಯಿತು, ಏನು ಮಾಡಿದೆ ಅಂತ ಬರೆಯುತ್ತಿದ್ದೇನೆ.

ಮೊದಲು ಕನ್ನಡಿ ಹಾಕಿಸಿದೆ. ಆಮೇಲೆ ಓಪನ್‌ಮೂವ್ ತಗೊಂಡೆ. ಬೆರಳಿಟ್ಟು ಪರೀಕ್ಷೆ ಮಾಡಿದೆ, ಸದ್ದು ಜೋರಾಯಿತು. ಮೊದಲ ಎರಡು ದಿನ ಕಿವಿಯ ಮೇಲೆ ಕನ್ನಡಕದ ಕಡ್ಡಿ ಒತ್ತುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಕಡ್ಡಿ ಸ್ವಲ್ಪ ಅಗಲಿಸಿ ಕೊಟ್ಟರು, ದುಡ್ಡೂ ತಗೊಳ್ಳಲಿಲ್ಲ. ಹೆಲ್ಮೆಟ್ ಪಟ್ಟಿಗೆ ಮಗಳ ಹಳೇ ಉಣ್ಣೆ ಟೋಪಿಯ ತುಂಡು ಹೊಲಿದಿದ್ದೇನೆ. ನಿಜವಾಗಲೂ ವ್ಯತ್ಯಾಸ ಆಗುತ್ತೆ.

ರಿಂಗ್ ರೋಡ್‌ನಲ್ಲಿ ಲಾರಿಗಳು ಸಾಲಾಗಿ ಬಂದಾಗ ಮಾತು ಕೇಳಲ್ಲ. ಮೊದಲಾದರೆ ಸೌಂಡ್ ಏರಿಸುತ್ತಿದ್ದೆ. ಈಗ ಬಟನ್ ಒತ್ತಿ ನಿಲ್ಲಿಸುತ್ತೇನೆ, ಲಾರಿ ಹೋದ ಮೇಲೆ ಮತ್ತೆ ಶುರು. ಹೀಗೆ ಮಾಡಿದರೆ ಒಂದು ಅಧ್ಯಾಯ ಮುಗಿಯೋಕೆ ಎರಡು ದಿನ ಹಿಡಿಯುತ್ತೆ. ಪರವಾಗಿಲ್ಲ, ಪುಸ್ತಕ ಎಲ್ಲಿಗೂ ಓಡಿ ಹೋಗಲ್ಲ. ತಿರುವು ಬರುವ ಮುಂಚೆಯೂ ನಿಲ್ಲಿಸುತ್ತೇನೆ. ದಿನಕ್ಕೆ ಒಂದೆರಡು ಸಲ ಪೆಡಲ್ ಬಿಟ್ಟು ಫ್ರೀವೀಲ್ ಕೇಳುತ್ತಾ ಅಂತ ನೋಡೋದು ಅಭ್ಯಾಸ ಆಗಿದೆ.

ಹೋದ ಭಾನುವಾರ ಬೆಟ್ಟ ಹತ್ತಿದೆ. ಹತ್ತುವಾಗ ವೇಗ ಎಂಟೋ ಒಂಬತ್ತೋ, ಗಾಳಿಯೇ ಇಲ್ಲ, ಸೌಂಡ್ ಅರ್ಧಕ್ಕಿಂತ ಕೆಳಗೆ ಇಟ್ಟರೂ ಒಂದೊಂದು ಅಕ್ಷರ ಕೇಳುತ್ತಿತ್ತು. ಹಿಂದಿನಿಂದ ಯಾರೋ ಮೇಲುಸಿರು ಬಿಡುತ್ತಾ ಬರುವುದು ಕೇಳಿಸಿತು. ಎಡಕ್ಕೆ ಸರಿದು ಜಾಗ ಬಿಟ್ಟೆ. ಅರವತ್ತು ದಾಟಿದ ಹಿರಿಯರು, ಗೇರ್ ಇಲ್ಲದ ಹಳೇ ಸೈಕಲ್. ಕೈ ಎತ್ತಿ ನಕ್ಕು ದಾಟಿ ಹೋದರು. ನೆಕ್‌ಬ್ಯಾಂಡ್ ಇದ್ದಿದ್ದರೆ ಅವರು ಬಂದಿದ್ದೇ ನನಗೆ ಗೊತ್ತಾಗುತ್ತಿರಲಿಲ್ಲ.

ಹಾಕಿ ನೋಡಿಯೇ ತಗೊಳ್ಳಿ ಅಂತ ಮೇಲೆ ಹೇಳಿದ್ದರಲ್ಲ, ಮೈಸೂರಿನಲ್ಲಿ ಹಾಕಿ ನೋಡೋಕೆ ಬಿಡುವ ಅಂಗಡಿ ನನಗೆ ಸಿಗಲಿಲ್ಲ. ಯಾರಿಗಾದರೂ ತಗೊಳ್ಳುವ ಮನಸ್ಸಿದ್ದರೆ ಭಾನುವಾರ ಬೆಳಿಗ್ಗೆ ಆರಕ್ಕೆ ತಾವರೆಕಟ್ಟೆ ಹತ್ತಿರ ಬನ್ನಿ, ಬೆಟ್ಟದ ರಸ್ತೆ ಶುರುವಾಗುವಲ್ಲಿ ಇರುತ್ತೇನೆ. ನಿಮ್ಮ ಹೆಲ್ಮೆಟ್, ಕನ್ನಡಕ ಎರಡೂ ತನ್ನಿ. ನನ್ನದನ್ನು ಹಾಕಿಕೊಂಡು ಒಂದು ಸುತ್ತು ಹೊಡೆದು ನೋಡಿ.